ಬೆಕ್ಕಿನ ವಿಷಯ ಬಿಟ್ಟು ಮಾತಾಡು ತಮ್ಮಾ

ಬುಧವಾರದ ಚರಂಡಿ ಪ್ರಕರಣ ನಿಮಗೆಲ್ಲ ಗೊತ್ತೇ ಇದೆ. ಬೀದಿಯ ವಾಟ್ಸಪ್ ಗುಂಪು ಎರಡು ಹೋಳಾಗಿದೆ. ಒಂದರಿಂದ ನನ್ನನ್ನು ತೆಗೆದಿದ್ದಾರೆ, ಇನ್ನೊಂದರಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೇವೆ. ಹೀಗಿರುವಾಗ ಅದನ್ನೇ ಮತ್ತೆ ಮೊದಲಿನಿಂದ ಹೇಳುವುದಿಲ್ಲ. ಊರು ಯಾವುದೆಂದೂ ಹೇಳುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕರಲ್ಲೂ ನಮಗೆ ನೆಂಟರಿದ್ದಾರೆ. ನಾಲ್ಕೂ ಕಡೆಯವರು ‘ಅದು ನಮ್ಮೂರಲ್ಲ ಬಿಡಿ’ ಎಂದುಕೊಂಡು ನೆಮ್ಮದಿಯಾಗಿರಲಿ.

ಆ ಪ್ರಕರಣಕ್ಕೆ ಮೂಲವಾದ ಬೆಕ್ಕು ನನ್ನದಲ್ಲ, ಮಗಳದು. ಬೆಂಗಳೂರಿನಲ್ಲಿ ಐದನೇ ಮಹಡಿಯಲ್ಲಿ ಬೆಳೆದದ್ದು. ಹೆಸರು ಮೋಚಾ, ಬೀದಿಯವರ ಬಾಯಲ್ಲಿ ‘ಮೋಸ’. ಹಿತ್ತಲಿಗೆ ಬಿಟ್ಟರೆ ಮಣ್ಣು ಕಂಡು ಬೆಚ್ಚಿ ಒಳಗೋಡುತ್ತದೆ. ಅದರ ಪಾಯಖಾನೆಗೆ ಚೀಲದಲ್ಲಿ ಬರುವ ಮಣ್ಣೇ ಆಗಬೇಕು. ಐದು ಕೆಜಿಗೆ ನಾನು ಕೊಟ್ಟದ್ದು 450 ರೂಪಾಯಿ. ಮಣ್ಣಿಗೆ! ಮೂರು ತಲೆಮಾರು ಮಣ್ಣು ಉತ್ತ ಮನೆಯಲ್ಲಿ ಕೊರಿಯರ್ ಹುಡುಗನಿಂದ ಸಹಿ ಹಾಕಿ ಮಣ್ಣು ಇಳಿಸಿಕೊಂಡೆ. ಅಪ್ಪ ಇದ್ದಿದ್ದರೆ ಆ ಮಣ್ಣನ್ನು ನನ್ನ ಬಾಯಿಗೇ ಹಾಕುತ್ತಿದ್ದ.

ಮೂರನೇ ಚೀಲಕ್ಕೆ ಕೈ ಬರಲಿಲ್ಲ. ಮನೆಯಲ್ಲೇ, ಪುಕ್ಕಟೆ ಸಾಮಾನಿನಲ್ಲೇ ಮಾಡಿಕೊಳ್ಳೋಣವೆಂದು ನೆಂಟರಿಗೆ ಫೋನು ಹಚ್ಚಿದೆ. ಜಗಳೂರಿನ ಭಾವಮೈದ ಮೆಕ್ಕೆಜೋಳದ ಬೆಂಡು ಕಳಿಸಿದ. ಹೊನ್ನಾಳಿಯ ಷಡ್ಡಕ ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟು ಕಳಿಸಿದ. ನ್ಯಾಮತಿಯ ಅಕ್ಕ ಎರಡು ವರ್ಷದ ಪೇಪರ್ ಕಟ್ಟಿ ಕೊಟ್ಟಳು, ‘ರದ್ದಿಯವನಿಗೆ ಹಾಕಿದ್ದರೆ ದುಡ್ಡಾದರೂ ಬರುತ್ತಿತ್ತು’ ಎಂಬ ಮಾತಿನ ಸಮೇತ. ಚನ್ನಗಿರಿ ಹತ್ತಿರದ ಹಳ್ಳಿಯ ಚಿಕ್ಕಮ್ಮನ ಮನೆಯಿಂದ ಒಂದು ಚೀಲ ಅಡಿಕೆ ಸಿಪ್ಪೆ, ಒಂದು ಚೀಲ ಒಲೆ ಬೂದಿ ಬಂತು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಹಳೇ ಪ್ಲಾಸ್ಟಿಕ್ ಬೇಸಿನ್ನಿಗೆ ಬೂದಿ ಸುರಿದೆ. ಯಾರೋ ಕೆಮ್ಮಿದರು. ನಾನಲ್ಲ.

ನಾನು: ನಮಸ್ಕಾರ ಬೂದ್ಯಮ್ಮ. ನಿಮ್ಮನ್ನು ಬೆಕ್ಕಿನ ಲಿಟರ್ ಮಾಡಬೇಕು ಅಂತಿದ್ದೀನಿ. ಅದಕ್ಕೆ ಮೊದಲು ನಾಲ್ಕು ಮಾತು.

ಬೂದ್ಯಮ್ಮ: ಲೀಟರಾ? ನನ್ನ ಮೊರದಾಗೆ ಅಳೀತಾರೆ ಕಣಪ್ಪ, ಲೀಟರಿನಾಗಲ್ಲ.

ನಾನು: ಲೀಟರಲ್ಲ, ಲಿಟರ್. ಬೆಕ್ಕು ಕೂತೆದ್ದು ಹೋಗೋ ಜಾಗಕ್ಕೆ ಹಾಕೋದು.

ಬೂದ್ಯಮ್ಮ: ಓ, ಅದಾ. ಅದಕ್ಕೊಂದು ಇಂಗ್ಲಿಷ್ ಹೆಸರು ಬೇರೆ ಬಂತಾ? ನಮ್ಮ ಕಾಲದಾಗೆ ಬೆಕ್ಕು ಕೇಳ್ಕೊಂಡು ಬರ್ತಿರಲಿಲ್ಲ. ರಾತ್ರಿ ಒಲೆ ಆರಿದ ಮೇಲೆ ಬೆಚ್ಚಗಿರ್ತೀನಲ್ಲ, ಬಂದು ಮಲಗ್ತಿತ್ತು. ಬೆಳಿಗ್ಗೆ ತಿಪ್ಪೆ ಮಗ್ಗುಲಿಗೆ ನನ್ನ ಚೆಲ್ತಿದ್ರು, ಅಲ್ಲಿಗೆ ಬಂದು ಕೆರೆದು ಮುಚ್ಚಿ ಹೋಗ್ತಿತ್ತು. ಹಾಸಿಗೆನೂ ನಾನೇ, ಪಾಯಖಾನೆನೂ ನಾನೇ. ಅದನ್ನ ಬಿಡು. ಸೋಪಿನ ವಿಷಯ ಯಾವಾಗ ಕೇಳ್ತೀಯ?

ನಾನು: ಸೋಪಾ? ಬರುತ್ತೆ, ಬರುತ್ತೆ. ಮೊದಲು ನಿಮಗೆ ಆಗಿರೋ ದೊಡ್ಡ ಅನ್ಯಾಯ ಹೇಳ್ತೀನಿ ಕೇಳಿ. ಅಮೆರಿಕದ ಮಿಷಿಗನ್ ಅಂತ ಒಂದು ರಾಜ್ಯ. ಅಲ್ಲಿ ಕಸೊಪೊಲಿಸ್ ಅಂತ ಸಣ್ಣ ಊರು. ನಮ್ಮ ನ್ಯಾಮತಿಗಿಂತಲೂ ಸಣ್ಣದು. 1947ರ ಜನವರಿ. ಹಿಮ ಬಿದ್ದು ಬೆಕ್ಕಿನ ಪೆಟ್ಟಿಗೆಗೆ ಹಾಕೋ ಮರಳೆಲ್ಲ ಗಟ್ಟಿಯಾಗಿತ್ತು. ಒಬ್ಬಾಕೆ ತನ್ನ ಬೆಕ್ಕಿಗೆ ಬೂದಿ ಹಾಕಿ ನೋಡಿದಳು. ಮನೆ ತುಂಬ ಕರಿ ಹೆಜ್ಜೆ. ಬೇಸತ್ತು ಎಡ್ ಲೋ ಅನ್ನೋ ಪಕ್ಕದ ಮನೆಯವನ ಹತ್ತಿರ ಮರಳು ಕೇಳಿದಳು. ಅವನು ಎಣ್ಣೆ ಹೀರೋ ಒಣ ಮಣ್ಣು ಮಾರುತ್ತಿದ್ದ, ಅದನ್ನೇ ಕೊಟ್ಟ. ಬೆಕ್ಕಿಗೂ ಹಿಡಿಸಿತು, ಆಕೆಗೂ ಹಿಡಿಸಿತು. ಅವನು ಹತ್ತು ಚೀಲಕ್ಕೆ ಐದೈದು ಪೌಂಡ್ ತುಂಬಿ, ಮೇಲೆ ಹೆಸರು ಬರೆದು, ಚೀಲಕ್ಕೆ 65 ಸೆಂಟ್ ಅಂದ. ಮಣ್ಣಿಗೆ ಯಾರು ಕೊಡ್ತಾರೆ ಅಂತ ಅಂಗಡಿಯವನಿಗೆ ಅನುಮಾನ. ಜನ ಕೊಟ್ಟರು. ಇವತ್ತು ನಾನು ಕೊಟ್ಟ 450 ರೂಪಾಯಿಯ ಮೂಲ ಅಲ್ಲಿದೆ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದರು. ಸಿಟ್ಟು ಬರಲ್ವಾ?

ಬೂದ್ಯಮ್ಮ: ಆಯಮ್ಮ ಪಾತ್ರೆ ಯಾತರಾಗೆ ತಿಕ್ತಿದ್ಲು?

ನಾನು: ಗೊತ್ತಿಲ್ಲ. ಅದಲ್ಲ ಬೂದ್ಯಮ್ಮ, ಆ ಮಣ್ಣು ಯಾವುದು ಗೊತ್ತಾ? ನಮ್ಮಲ್ಲಿ ಮುಲ್ತಾನಿ ಮಿಟ್ಟಿ ಅಂತ ಮದುವೆ ಹೆಣ್ಣಿನ ಮುಖಕ್ಕೆ ಹಚ್ತೀವಲ್ಲ, ಅದೇ ಜಾತಿ. ಹೆಣ್ಣಿನ ಮುಖಕ್ಕೂ ಅದೇ, ಬೆಕ್ಕಿನ…

ಬೂದ್ಯಮ್ಮ: ಯಾರ ಮುಖಕ್ಕೆ ಯಾರಾದ್ರೂ ಹಚ್ಚಿಕೊಳ್ಳಲಿ. ನನ್ನ ಜಾಗ ಬಚ್ಚಲ ಕಲ್ಲು ತಮ್ಮಾ. ಬಚ್ಚಲ ಕಲ್ಲಿನ ಮ್ಯಾಲೆ ತೆಂಗಿನ ನಾರು, ಅದರ ಮಗ್ಗುಲಿಗೆ ಒಡೆದ ಕರಟದಾಗೆ ನಾನು. ಹಿತ್ತಾಳೆ ಕೊಡಕ್ಕೆ ಜೊತೆಗೆ ಒಂದು ಚೂರು ಹುಣಸೆಹಣ್ಣು. ನಿನ್ನ ಅಜ್ಜಿ ತಿಕ್ಕಿದ ಕೊಡದಾಗೆ ನಿನ್ನ ಅಜ್ಜ ಮೀಸೆ ತಿರುವ್ತಿದ್ದ, ಹಂಗೆ ಹೊಳೀತಿತ್ತು. ಆಮೇಲೆ ಬಂತು ನೋಡು ಹಸಿರು ಬಿಲ್ಲೆ. ನೂರು ನಿಂಬೆಹಣ್ಣಿನ ಶಕ್ತಿ ಅಂತೆ! ನೂರು ನಿಂಬೆಹಣ್ಣು ಕಂಡಿದ್ದೀಯೇನೋ ಒಂದೇ ಕಡೆ? ದೃಷ್ಟಿ ತೆಗೆಯೋಕೂ ಮೂರು ಸಾಕು. ನೊರೆ ಬಂದ್ರೆ ಸ್ವಚ್ಛ ಆಯ್ತು ಅಂದ್ಕೊಂಡ್ರು. ನೊರೆ ತೊಳೆಯೋಕೆ ಮತ್ತೆ ಎರಡು ಕೊಡ ನೀರು. ನಾನು ಅರ್ಧ ಚೊಂಬಿಗೆ ಬಿಡ್ತಿದ್ದೆ.

ಇಲ್ಲಿಂದ ಮುಂದೆ ಆಕೆ ಸೋಪಿನ ಬಗ್ಗೆ ಮಾತಾಡಿದ್ದನ್ನು ಪೂರ್ತಿ ಬರೆದರೆ ಸಂಪಾದಕರು ನನ್ನ ಜಾಗದಲ್ಲಿ ಸೋಪಿನ ಜಾಹೀರಾತನ್ನೇ ಹಾಕುತ್ತಾರೆ. ಬಾರ್ ಸೋಪು ಒಂದು ಅಧ್ಯಾಯ, ಲಿಕ್ವಿಡ್ ಇನ್ನೊಂದು, ಪ್ಲಾಸ್ಟಿಕ್ ಸ್ಪಾಂಜಿಗೆ ಪ್ರತ್ಯೇಕ ಶಾಪ. ಆಕೆಗೆ ಬೇರೆ ದುಃಖಗಳಿಲ್ಲವೇ ಎಂದು ಒಂದೊಂದಾಗಿ ಕೆದಕಿದೆ.

ನಾನು: ಗ್ಯಾಸ್ ಬಂದದ್ದಕ್ಕೆ ಬೇಜಾರಿಲ್ವಾ? 2016ರಲ್ಲಿ ಉಜ್ವಲ ಬಂದ ಮೇಲಂತೂ ಹಳ್ಳಿ ಮನೆಗಳಲ್ಲೂ ನೀವು ಅಪರೂಪ.

ಬೂದ್ಯಮ್ಮ: ಅದು ಒಳ್ಳೇದಾತು ಬಿಡಪ್ಪ. ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪಾದ ಹೆಣ್ಣುಮಕ್ಕಳನ್ನ ನಾನು ಎಷ್ಟು ನೋಡಿದೀನಿ. ನಾನು ಹುಟ್ಟೋದು ತಪ್ಪಿದ್ರೂ ಚಿಂತಿಲ್ಲ.

ನಾನು: ಹೋಗಲಿ, ವಿಭೂತಿ? ಆತನೂ ಬೂದಿಯೇ. ಹೊನ್ನಾಳಿ ಹಿರೇಕಲ್ಮಠಕ್ಕೆ ಹೋದರೆ ಎಲ್ಲರ ಹಣೆ ಮೇಲೆ ಅವನೇ. ನೀವು ಮಾತ್ರ ಬೇಸಿನ್ನಿನಲ್ಲಿ ಬೆಕ್ಕಿಗೆ ಕಾಯ್ತಿದ್ದೀರಿ.

ಬೂದ್ಯಮ್ಮ: ಅವನು ಸಗಣಿ ಕಡೆಯೋನು, ನಾನು ಸೌದೆ ಕಡೆಯೋಳು. ದಾಯಾದಿ ಜಗಳ ಇಲ್ಲ. ಮಠದಾಗೆ ದಾಸೋಹದ ಪಾತ್ರೆ ಈಗ ಯಾತರಾಗೆ ತಿಕ್ತಾರೆ, ಅದು ಹೇಳು ಮೊದಲು.

ವಿಷಯವನ್ನು ಬೆಕ್ಕಿನ ಕಡೆ ತಿರುಗಿಸುವುದು ನನ್ನ ಕರ್ತವ್ಯವಾಗಿತ್ತು. ಆದರೆ ಬೇಸಿನ್ನಿನ ಪಕ್ಕದಲ್ಲೇ ಅಡಿಕೆ ಸಿಪ್ಪೆಯ ಚೀಲ ಕೂತಿತ್ತು. ಅದನ್ನು ಕಂಡರೆ ನನಗೆ ಏನಾಗುತ್ತದೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು.

ನಾನು: ಬೂದ್ಯಮ್ಮ, ಈ ಸಿಪ್ಪೆ ನೋಡಿ. ಇದೇ ನಮ್ಮ ತಾಲ್ಲೂಕುಗಳ ನಿಜವಾದ ರೋಗ. ಅಡಿಕೆ ಕೊಯ್ಲು ಶುರುವಾದರೆ ಸಾಕು. ರಾಶಿಗೆ ಇಷ್ಟು, ಬೆಟ್ಟೆಗೆ ಇಷ್ಟು ಅಂತ ಊರೆಲ್ಲ ಕ್ವಿಂಟಾಲ್ ಲೆಕ್ಕ ಹಾಕುತ್ತೆ. ಸಿಪ್ಪೆಯ ಲೆಕ್ಕ ಹಾಕೋರು ಯಾರು? ಖೇಣಿದಾರರು ರಾತ್ರಿ ಟ್ರ್ಯಾಕ್ಟರ್‌ನಲ್ಲಿ ತಂದು ರಸ್ತೆ ಬದಿಗೆ ಸುರಿದು ಬೆಂಕಿ ಹಾಕಿ ಹೋಗ್ತಾರೆ. ಅದು ಉರಿಯೋದಿಲ್ಲ, ಹೊಗೆಯಾಡುತ್ತೆ. ಒಂದು ವಾರ ಹೊಗೆಯಾಡುತ್ತೆ. ಸಾಲುಮರದ ಬುಡ ಸುಟ್ಟು ಹೋಗುತ್ತೆ. ಬೈಕಿನವನಿಗೆ ಮುಂದಿನ ಲಾರಿ ಕಾಣಲ್ಲ. ನಾನು ಮೂರು ಸಲ ಬರೆದೆ. ಆ ಸಿಪ್ಪೆನ ನೆನೆಸಿ ಗೊಬ್ಬರ ಮಾಡಬಹುದು, ತೋಟದ ಬುಡಕ್ಕೆ ಮುಚ್ಚಿಗೆ ಹಾಕಬಹುದು. ಕೊಳೆಯೋದು ನಿಧಾನ, ಒಪ್ಪಿದೆ. ಆದರೆ ನಾರು ನೀರು ಹೀರುತ್ತೆ. ಒಣಗಿಸಿ ಪುಡಿ ಮಾಡಿದರೆ ಬೆಕ್ಕಿಗೂ ಆಗುತ್ತೆ! ಸುಡೋರಿಗೆ ನಾಚಿಕೆ ಆಗಬೇಕು!

ಬೂದ್ಯಮ್ಮ: ಮುಗೀತಾ?

ನಾನು: ಸದ್ಯಕ್ಕೆ.

ಬೂದ್ಯಮ್ಮ: ನಿನ್ನ ಚಿಕ್ಕಮ್ಮ ಅಡಿಕೆ ಬೇಯಿಸೋ ಒಲೆಗೆ ಏನು ಹಾಕ್ತಾಳೆ ಅಂದ್ಕೊಂಡೀ?

ನಾನು: …ಸೌದೆ ಅಂದ್ರಲ್ಲ ಈಗ?

ಬೂದ್ಯಮ್ಮ: ಸೌದೆಗೆ ಈಗ ಎಷ್ಟು ರೇಟು ಐತೆ ಗೊತ್ತಾ? ಎರಡು ಸೌದೆ, ನಾಲ್ಕು ಪುಟ್ಟಿ ಸಿಪ್ಪೆ. ನಾನು ಮುಕ್ಕಾಲು ಪಾಲು ಸಿಪ್ಪೆ ಮಗಳೇ. ಈಗ ಏನು ಬರೀತೀಯ, ನಾಲ್ಕನೇ ಸಲ?

ನಾಲ್ಕನೇ ಸಲ ಬರೆಯುವ ವಿಚಾರ ಮುಂದೂಡಿದ್ದೇನೆ.

ಹಠಕ್ಕೆ ಬಿದ್ದು ನಾನೂ ನನ್ನ ವಿಜ್ಞಾನ ತೆಗೆದೆ. ಬೂದಿ ಕ್ಷಾರ. ನೀರು ಬಿದ್ದರೆ ಚುರುಗುಟ್ಟುತ್ತದೆ. ಬೆಕ್ಕು ಪಾದಕ್ಕೆ ಅಂಟಿದ್ದನ್ನೆಲ್ಲ ನೆಕ್ಕುವ ಪ್ರಾಣಿ, ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ. ಇನ್ನೂ ಒಂದಿದೆ: ಕ್ಷಾರದಲ್ಲಿ ಮೂತ್ರದ ಅಮೋನಿಯಾ ಅಡಗುವುದಿಲ್ಲ, ಇನ್ನಷ್ಟು ಎದ್ದು ಮೂಗಿಗೆ ಹೊಡೆಯುತ್ತದೆ. ಬಯಲಿನಲ್ಲಿ ಮಲ ಮುಚ್ಚಲು ಬೂದಿ ಚೆನ್ನ, ಮುಚ್ಚಿದ ಕೋಣೆಯ ಪೆಟ್ಟಿಗೆಗೆ ಚೆನ್ನಲ್ಲ. ಹೊನ್ನಾಳಿ ಹೊಟ್ಟು ಸುಟ್ಟರೆ ಸಿಗುವ ಬೂದಿಯಂತೂ ಬಹುಪಾಲು ಸಿಲಿಕಾ. ಪೇಟೆಯಲ್ಲಿ ‘ಕ್ರಿಸ್ಟಲ್’ ಎಂದು ಮಾರುವ ದುಬಾರಿ ಲಿಟರೂ ಸಿಲಿಕಾವೇ, ಆದರೆ ಅದು ಕಾಳು ಕಾಳಾಗಿರುತ್ತದೆ. ಬೂದಿಯಲ್ಲಿ ಅದೇ ಸಿಲಿಕಾ ಧೂಳಾಗಿ ಬೆಕ್ಕಿನ ಪುಪ್ಪುಸಕ್ಕೂ ನಮ್ಮದಕ್ಕೂ ಹೋಗುತ್ತದೆ.

ಬೂದ್ಯಮ್ಮ: ನಾನೆಲ್ಲಿ ಬರ್ತೀನಿ ಅಂದೆ? ನೀನೇ ತಂದು ಸುರಿದೆ.

ಸರಿ, ಉಳಿದವರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಮಾಡಿ ನೋಡುವವರಿಗೆ ಉಪಯೋಗವಾದೀತು. ಮೆಕ್ಕೆಜೋಳದ ಬೆಂಡು ಪುಡಿ ಮಾಡಿದರೆ ಚೆನ್ನಾಗಿ ಹೀರುತ್ತದೆ, ಹೊರದೇಶಗಳಲ್ಲಿ ಅದರ ಲಿಟರ್ ಮಾರುತ್ತಾರೆ ಕೂಡ. ಆದರೆ ನಮ್ಮ ಹಿಟ್ಟಿನ ಗಿರಣಿಯವನು ‘ಇದು ನನ್ನ ಕಲ್ಲಿಗಲ್ಲ’ ಎಂದು ವಾಪಸ್ ಕಳಿಸಿದ, ತೇವ ಉಳಿದದ್ದಕ್ಕೆ ಬೂಸು ಬಂತು. ಭತ್ತದ ಹೊಟ್ಟು ಏನನ್ನೂ ಹೀರಲಿಲ್ಲ, ಗಾಳಿಗೆ ಮನೆಯೆಲ್ಲ ಆಯಿತು. ಗೆದ್ದದ್ದು ಪೇಪರ್. ಹೊಳೆಯುವ ಜಾಹೀರಾತಿನ ಹಾಳೆ ತೆಗೆದು ಹಾಕಿ (ಈಗಿನ ಪತ್ರಿಕೆಯಲ್ಲಿ ಅದನ್ನು ತೆಗೆದರೆ ಉಳಿಯುವುದು ಕಡಿಮೆ), ಉಳಿದದ್ದನ್ನು ಹರಿದು ಬಿಸಿ ನೀರಿಗೆ ಒಂದೆರಡು ಹನಿ ಪಾತ್ರೆ ಸೋಪು ಹಾಕಿ ನೆನೆಸಬೇಕು…

ಬೂದ್ಯಮ್ಮ: ಏನು ಹಾಕಿ?

ನಾನು: ಒಂದೆರಡು ಹನಿ ಅಷ್ಟೇ.

ಬೂದ್ಯಮ್ಮ: ನನ್ನ ಮುಂದೆನೇ!

…ಗಂಜಿಯ ಹಾಗಾದ ಮೇಲೆ ನೀರು ಬಸಿದು, ಸೋಪು ಹೋಗುವಂತೆ ಮತ್ತೊಮ್ಮೆ ತೊಳೆದು, ಅಡುಗೆ ಸೋಡಾ ಉದುರಿಸಿ ನಾದಿ, ಹಿಂಡಿ, ಉಪ್ಪಿಟ್ಟಿನ ಹಾಗೆ ಉದುರುದುರು ಮಾಡಿ ಬಿಸಿಲಿಗೆ ಹರಡಬೇಕು. ಜಗಳೂರಿನ ತಾರಸಿಯ ಮೇಲೆ ಎರಡು ದಿನಕ್ಕೆ ಗರಿಗರಿ. ನ್ಯಾಮತಿಯಲ್ಲಿ ಮಳೆಗಾಲದಲ್ಲಿ ಹರಡಿದರೆ ಅಣಬೆ ಬೆಳೆಯಬಹುದು. ನನ್ನ ಒಂದು ಅಂಕಣ ಒಣಗಿದ ಮೇಲೆ ಒಂದು ಬೊಗಸೆಯೂ ಆಗಲಿಲ್ಲ. ಮಿಕ್ಸಿ ಬಳಸಿದ್ದು ಹೆಂಡತಿಗೆ ಹೇಗೆ ಗೊತ್ತಾಯಿತೋ ನನಗೆ ಗೊತ್ತಿಲ್ಲ, ಬಳಸಬೇಡಿ. ಚೀಲದ ಮಣ್ಣಿನ ಹಾಗೆ ಇದು ಉಂಡೆ ಕಟ್ಟುವುದಿಲ್ಲ. ಗಟ್ಟಿಯದನ್ನು ದಿನಾ ಎತ್ತಬೇಕು, ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಚೀಲದ ಮಣ್ಣಿನ ಮಾತು ಬಂದದ್ದೇ ತಡ, ಬೂದ್ಯಮ್ಮ ಕೇಳಬಾರದ್ದನ್ನು ಕೇಳಿದಳು.

ಬೂದ್ಯಮ್ಮ: ಬುಧವಾರ ಏನಾತು ತಮ್ಮಾ?

ನಾನು: ಅದು ಎಲ್ಲರಿಗೂ ಗೊತ್ತು.

ಬೂದ್ಯಮ್ಮ: ನಾನು ಆವತ್ತು ಇನ್ನೂ ಚೀಲದಾಗಿದ್ದೆ. ನೀನು ಹೇಳು.

ಹೇಳಿದೆ. ಹಳೇ ಮಣ್ಣನ್ನು ಒಂದು ವಾರ ಬಕೆಟ್ಟಿನಲ್ಲಿ ಕೂಡಿಟ್ಟಿದ್ದೆ. ಕಸದ ಗಾಡಿಗೆ ಹಾಕಿದರೆ ಹಸಿಯೋ ಒಣವೋ ಎಂದು ಕೇಳುತ್ತಾರೆ, ಉತ್ತರ ಗೊತ್ತಿರಲಿಲ್ಲ. ಕತ್ತಲಾದ ಮೇಲೆ ಮನೆ ಮುಂದಿನ ಚರಂಡಿಗೆ ಸುರಿದೆ. ಚೀಲದ ಮಣ್ಣಿನ ಹೆಸರು ಬೆಂಟೊನೈಟ್. ಗುಜರಾತಿನ ಕಚ್ಛ್ ಕಡೆ, ರಾಜಸ್ಥಾನದ ಬಾರ್ಮೇರ್ ಕಡೆ ತೆಗೆಯುವ ಮಣ್ಣು. ನೀರು ಕುಡಿದರೆ ಹಲವು ಪಟ್ಟು ಉಬ್ಬಿ ಅಂಟಾಗುತ್ತದೆ. ಅದಕ್ಕೇ ಬೆಕ್ಕಿನ ಮೂತ್ರ ಬಿದ್ದಲ್ಲಿ ಉಂಡೆಯಾಗುವುದು. ಸೋರುವ ಹೊಂಡಗಳ ತಳಕ್ಕೆ ಹಾಕಿ ಸೋರಿಕೆ ನಿಲ್ಲಿಸಲೂ ಇದೇ ಮಣ್ಣು. ಸೂಳೆಕೆರೆ ಏರಿಗೆ ಬೇಕಾಗಿದ್ದನ್ನು ನಾನು ಚರಂಡಿಗೆ ಹಾಕಿದ್ದೆ. ಬೆಳಿಗ್ಗೆ ಹೊತ್ತಿಗೆ ಏಳು ಮನೆಯ ಮುಂದೆ ಚರಂಡಿ ನೀರು ನಿಂತಿತ್ತು.

ಬೂದ್ಯಮ್ಮ: ಯಾರು ತೆಗೆದ್ರು?

ನಾನು: ಪೌರಕಾರ್ಮಿಕರು. ಒಬ್ಬ ಹೆಣ್ಣುಮಗಳು.

ಬೂದ್ಯಮ್ಮ: ಯಾತರಾಗೆ ತೆಗೆದ್ಲು?

ನಾನು: ಸಲಿಕೆಗೆ ಬರಲಿಲ್ಲ. ಅಂಟಿತ್ತಲ್ಲ. ಕೈಯಲ್ಲಿ.

ಬೂದ್ಯಮ್ಮ: ಬರಿಗೈಯಾಗೆ?

ನಾನು: ಹೌದು.

ಬೂದ್ಯಮ್ಮ: ನೀನೇನು ಮಾಡ್ತಿದ್ದೆ?

ನಾನು: ಗೇಟಿನ ಹತ್ತಿರ ನಿಂತಿದ್ದೆ. ಮೂಗು ಮುಚ್ಚಿಕೊಂಡು. ಆಮೇಲೆ ಟೀ ಕೊಟ್ಟೆ.

ಬೂದ್ಯಮ್ಮ: ಯಾವ ಲೋಟದಾಗೆ?

ಈ ಸಂದರ್ಶನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಒಂದು ಜೋಕು ಹೊಡೆದು ನಾನು ಪಾರಾಗುತ್ತಿದ್ದೆ. ಆದರೆ ಬೂದ್ಯಮ್ಮ ಲೋಟಗಳ ಜೊತೆಯೇ ಬಾಳಿದವಳು.

ನಾನು: ಪೇಪರ್ ಲೋಟದಲ್ಲಿ.

ಬೂದ್ಯಮ್ಮ: ಮನೆಯಾಗೆ ಸ್ಟೀಲ್ ಲೋಟ ಎಷ್ಟು ಅದಾವೆ?

ನಾನು: ಎರಡು ಡಜನ್ ಇರಬಹುದು.

ಬೂದ್ಯಮ್ಮ: ನಿಮ್ಮ ಅಜ್ಜಿ ಹಿತ್ತಲ ಗೋಡೆ ಸಂದಿಯಾಗೆ ಒಂದು ಜರ್ಮನ್ ಲೋಟ ಇಟ್ಟಿರ್ತಿದ್ಲು. ಕೆಲಸಕ್ಕೆ ಬಂದೋರು ಅದನ್ನ ತಾವೇ ತಗೊಂಡು ಮುಂದೆ ಹಿಡೀಬೇಕು, ಮ್ಯಾಲಿಂದ ಕಾಫಿ ಹಾಕೋರು. ಕುಡಿದ ಮ್ಯಾಲೆ ನನ್ನ ಹತ್ರ ಬಂದು ಒಂದು ಚಿಟಿಕೆ ತಗೊಂಡು ತಾವೇ ತಿಕ್ಕಿ, ತಾವೇ ತೊಳೆದು, ಅದೇ ಸಂದಿಗೆ ಸಿಗಿಸಿ ಹೋಗೋರು. ಆ ಕೈ ನನಗೆ ಗೊತ್ತು ಕಣೋ. ನಿಮ್ಮ ಮನೆಯ ಎಲ್ಲ ಪಾತ್ರೆಗಿಂತ ಆ ಲೋಟನೇ ಜಾಸ್ತಿ ಹೊಳೀತಿತ್ತು. ಈಗ ತೊಳೆಯೋ ಕಷ್ಟನೂ ಬೇಡ ಅಂತ ಪೇಪರ್ ಲೋಟ ತಂದೀರಿ. ಕುಡಿದು ಬಿಸಾಕು ಅಂತ. ಜಾಣರಾಗೀರಿ.

ಆಕೆ ಈ ಸಲ ಸೋಪನ್ನು ಬೈಯಲಿಲ್ಲ.

ನನಗೆ ಗೊತ್ತಿರದ ವಿಷಯವೇನೂ ಅಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಕಸ ಮುಟ್ಟುವ ಪ್ರತಿಯೊಬ್ಬ ಕಾರ್ಮಿಕರಿಗೂ ಕೈಗವಸು, ಮುಖಗವಸು, ಪಾದರಕ್ಷೆ, ರೇನ್‌ಕೋಟು ಕೊಡಿಸುವ ಹೊಣೆ ಸ್ಥಳೀಯ ಸಂಸ್ಥೆಯದು ಎಂದಿತ್ತು. ಈ ಅಂಕಣದಲ್ಲೇ ಬರೆದಿದ್ದೇನೆ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದೆಂದೂ, ಹೊರಬಿದ್ದ ಒಂದರಿಂದ ಐದು ದಿನದೊಳಗೆ ಅದು ಸೋಂಕು ತರುವ ಸ್ಥಿತಿಗೆ ಬರುತ್ತದೆಂದೂ, ಬಸುರಿಯರು ಅದನ್ನು ಮುಟ್ಟಲೇಬಾರದೆಂದೂ ಓದಿದ್ದೆ. ಓದಿಯೇ ಮಗಳಿಗೆ ‘ನೀನು ಆ ಪೆಟ್ಟಿಗೆ ಮುಟ್ಟಬೇಡಮ್ಮ, ನಾನು ನೋಡಿಕೊಳ್ಳುತ್ತೇನೆ’ ಎಂದಿದ್ದೆ. ಅಂಥದ್ದನ್ನು ಒಂದು ವಾರ ಕೂಡಿಟ್ಟು, ಮುಖವೂ ನೋಡದ ಇನ್ನೊಬ್ಬರ ಮಗಳ ಕೈಗೆ ಸುರಿದೆ. ಆಕೆ ಬಸುರಿಯೋ ಬಾಣಂತಿಯೋ ನಾನು ಕೇಳಲಿಲ್ಲ. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ‘ಶೇ 99 ಧೂಳುರಹಿತ’ ಎಂದು ಬರೆದಿದೆ. ಬೆಕ್ಕಿನ ಉಸಿರಾಟಕ್ಕೆ ತೊಂದರೆಯಾಗಬಾರದೆಂದು. ಬೀದಿಯ ವಾಟ್ಸಪ್ ಗುಂಪಿನಲ್ಲಿ ನಾಲ್ಕು ದಿನ ಜಗಳವಾಯಿತಲ್ಲ, ಇನ್ನೂರು ಮೆಸೇಜು, ಅದರಲ್ಲಿ ಚರಂಡಿ ನೀರು ಯಾರ ಮನೆ ಮೆಟ್ಟಿಲು ಮುಟ್ಟಿತು ಎಂಬುದಿದೆ, ನನ್ನ ಬೆಕ್ಕನ್ನು ಎಲ್ಲಿಗೆ ಬಿಟ್ಟು ಬರಬೇಕೆಂಬುದಿದೆ. ಅದನ್ನು ತೆಗೆದ ಕೈಯ ಬಗ್ಗೆ ಒಂದು ಮೆಸೇಜಿಲ್ಲ. ನಾನೂ ಹಾಕಲಿಲ್ಲ. ಹಾಕಿದ್ದರೆ ಸುರಿದವನು ಯಾರೆಂಬ ಮಾತು ಮತ್ತೆ ಏಳುತ್ತಿತ್ತು.

ಬೂದ್ಯಮ್ಮ ತಣ್ಣಗಾಗಿದ್ದಳು. ಕೈಯಾಡಿಸಿ ನೋಡಿದೆ, ಮಾತಿಲ್ಲ. ಅಷ್ಟರಲ್ಲಿ ಮೋಚಾ ಬಂದು ಬೇಸಿನ್ನನ್ನು ಮೂಸಿ, ಒಳಗಿಳಿದು, ನಾಲ್ಕು ಸುತ್ತು ತಿರುಗಿ, ಕೆಲಸ ಮುಗಿಸಿ, ಎಷ್ಟು ಅಚ್ಚುಕಟ್ಟಾಗಿ ಮುಚ್ಚಿತೆಂದರೆ ಐದನೇ ಮಹಡಿಯಲ್ಲಿ ಅದಕ್ಕೆ ಇದನ್ನು ಯಾರು ಕಲಿಸಿದರೋ ತಿಳಿಯದು. ಹೋಗುವಾಗ ಹಜಾರದ ತನಕ ಬೂದಿ ಹೆಜ್ಜೆ. ಕಸೊಪೊಲಿಸ್‌ನ ಆ ಹೆಣ್ಣುಮಗಳ ಕಷ್ಟ ಆಗ ಅರ್ಥವಾಯಿತು.

ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಲಿಲ್ಲ. ಬೆಕ್ಕು ಮುಟ್ಟಿದ್ದನ್ನು ಹಿತ್ತಲ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚಿದೆ, ಉಳಿದದ್ದನ್ನು ಜರಡಿ ಹಿಡಿದು ಡಬ್ಬಿಯಲ್ಲಿಟ್ಟೆ. ಪೆಟ್ಟಿಗೆಗೆ ಈಗ ನ್ಯಾಮತಿಯ ಪೇಪರ್, ಮೇಲೆ ಒಂದಿಷ್ಟು ಅಡಿಕೆ ಸಿಪ್ಪೆ ಪುಡಿ. ಅದೂ ಅದೇ ಗುಂಡಿಗೆ, ದಿನಾ, ನನ್ನ ಕೈಯಿಂದಲೇ.

ಸೋಮವಾರ ಬೆಳಿಗ್ಗೆ ಕಸದ ಗಾಡಿ ಬಂತು. ಅದೇ ಹೆಣ್ಣುಮಗಳು. ಕೈಗವಸು ಇರಲಿಲ್ಲ. ಅಂಗಡಿಯಿಂದ ತಂದಿದ್ದ ಒಂದು ಜೊತೆ ಕೊಟ್ಟೆ, ಸ್ಟೀಲ್ ಲೋಟದಲ್ಲಿ ಟೀ ಕೊಟ್ಟೆ. ಆಕೆ ಲೋಟವನ್ನೂ ನನ್ನನ್ನೂ ಒಂದು ಸಲ ನೋಡಿ, ಟೀ ಕುಡಿದರು. ಆಮೇಲೆ ಗೇಟಿನ ಪಕ್ಕದ ನಲ್ಲಿಗೆ ಹೋಗಿ, ನಾನು ಬೇಡವೆನ್ನುವಷ್ಟರಲ್ಲಿ ಲೋಟವನ್ನು ತಾವೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿಟ್ಟು ಗಾಡಿ ಹತ್ತಿದರು.